ಗಿಟ್ ಎಲ್‌ಎಫ್‌ಎಸ್ ಫೈಲ್‌ಗಳನ್ನು ಡಿಸ್ಕಿನಿಂದ ಆಬ್ಜೆಕ್ಟ್ ಸ್ಟೋರೇಜ್‌ಗೆ ಸಾಗಿಸುವುದು ಹೇಗೆ?

ಪ್ರಶ್ನೆ: ನಮ್ಮ ತಂಡ ಸ್ವಂತ ಸರ್ವರ್‌ನಲ್ಲಿ ಗಿಟೀ (ಗಿಟ್ ರೆಪೊಗಳನ್ನು ಇಡುವ ಸರ್ವರ್ ತಂತ್ರಾಂಶ) ನಡೆಸುತ್ತದೆ. 26 ರೆಪೊಗಳಿವೆ. ದೊಡ್ಡ ಫೈಲ್‌ಗಳನ್ನು ಗಿಟ್‌ನಿಂದ ಹೊರಗೆ ಇಡುವ ಎಲ್‌ಎಫ್‌ಎಸ್‌ನಲ್ಲಿ ಸುಮಾರು 41,000 ಆಬ್ಜೆಕ್ಟ್ (ಅಂದರೆ ಫೈಲ್), ಒಟ್ಟು 380 ಜಿಬಿ. ಡಿಸ್ಕ್ ತುಂಬುತ್ತ ಬಂದಿದೆ, ಆದ್ದರಿಂದ ಅಮೆಜಾನ್ ಎಸ್3 ಮಾದರಿಯ ಆಬ್ಜೆಕ್ಟ್ ಸ್ಟೋರೇಜ್‌ಗೆ (ನೆಟ್‌ವರ್ಕ್ ಮೂಲಕ ಬಳಸುವ ಫೈಲ್ ಉಗ್ರಾಣಕ್ಕೆ) ಹೋಗಬೇಕೆಂದಿದ್ದೇವೆ. ‘ಗಿಟ್ ಎಲ್‌ಎಫ್‌ಎಸ್ ಮೈಗ್ರೇಟ್’ ಓಡಿಸಿದರೆ ಸಾಕೇ? ಕಮಿಟ್ ಹ್ಯಾಶ್ (ಇತಿಹಾಸದ ಪ್ರತಿ ದಾಖಲೆಯ ಗುರುತು) ಬದಲಾಗುತ್ತದೆಯೇ? ಎಲ್ಲವನ್ನೂ ಕ್ಲೋನ್ ಮಾಡಿ ಮತ್ತೆ ಪುಶ್ ಮಾಡಬೇಕೆಂದು ಒಬ್ಬರು ಹೇಳುತ್ತಾರೆ, ಫೋಲ್ಡರ್ ನಕಲು ಮಾಡಿದರೆ ಮುಗಿಯಿತು ಎಂದು ಇನ್ನೊಬ್ಬರು. ಯಾರ ಮಾತು ಕೇಳಬೇಕು?

ಉತ್ತರ: ಮೊದಲು ಆ ಮೈಗ್ರೇಟ್ ಕಮಾಂಡನ್ನು ಬದಿಗಿಡಿ. ಹೆಸರು ನೋಡಿ ಮೋಸಹೋಗುವವರು ಬಹಳ. ಅದು ಫೈಲ್‌ಗಳನ್ನು ಒಂದು ಉಗ್ರಾಣದಿಂದ ಇನ್ನೊಂದಕ್ಕೆ ಸಾಗಿಸುವುದಿಲ್ಲ. ಸಾಮಾನ್ಯ ಗಿಟ್ ಫೈಲ್‌ಗಳನ್ನು ಎಲ್‌ಎಫ್‌ಎಸ್‌ಗೆ ತರುವುದು (ಇಂಪೋರ್ಟ್), ಅಲ್ಲಿಂದ ವಾಪಸ್ ಗಿಟ್‌ಗೆ ತರುವುದು (ಎಕ್ಸ್‌ಪೋರ್ಟ್), ಯಾವ ಫೈಲ್ ಎಷ್ಟು ದಪ್ಪ ಎಂದು ಲೆಕ್ಕ ಕೊಡುವುದು (ಇನ್ಫೊ), ಇಷ್ಟೇ ಅದರ ಕೆಲಸ. ಇಂಪೋರ್ಟ್, ಎಕ್ಸ್‌ಪೋರ್ಟ್ ಎರಡೂ ಸಾಮಾನ್ಯವಾಗಿ ಇತಿಹಾಸವನ್ನೇ ಹೊಸದಾಗಿ ಬರೆಯುತ್ತವೆ. ಕಮಿಟ್ ಹ್ಯಾಶ್‌ಗಳು ಬದಲಾಗುತ್ತವೆ, ತಂಡದ ಪ್ರತಿಯೊಬ್ಬರೂ ಮತ್ತೆ ಕ್ಲೋನ್ ಮಾಡಬೇಕಾಗುತ್ತದೆ. ನಿಮ್ಮ ಕೆಲಸಕ್ಕೆ ಇದು ಯಾವುದೂ ಬೇಡ.

ಏಕೆ ಬೇಡ ಎನ್ನುವುದು ಒಂದು ಪಾಯಿಂಟರ್ ಫೈಲ್ ತೆರೆದು ನೋಡಿದರೆ ತಿಳಿಯುತ್ತದೆ. ಎಲ್‌ಎಫ್‌ಎಸ್‌ಗೆ ಸೇರಿಸಿದ ಫೈಲಿನ ಬದಲು ಗಿಟ್ ಒಳಗೆ ಕುಳಿತಿರುವುದು ಮೂರು ಸಾಲು:

ವರ್ಷನ್ (ಸ್ಪೆಕ್‌ನ ವಿಳಾಸ, ವಿ1)
ಒಐಡಿ ಎಸ್‌ಎಚ್‌ಎ256:4ಡಿ7ಎ214614… (ಒಟ್ಟು 64 ಅಕ್ಷರ)
ಸೈಜ್ 12345

ಮೊದಲ ಸಾಲಿನಲ್ಲಿರುವ ವಿಳಾಸ ನಿಮ್ಮ ಸರ್ವರಿನದಲ್ಲ, ಅದು ಪಾಯಿಂಟರಿನ ರೂಪ ಯಾವುದೆಂದು ಹೇಳುವ ಗುರುತು ಮಾತ್ರ. ಉಳಿದದ್ದು ಒಐಡಿ, ಅಂದರೆ ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಎಸ್‌ಎಚ್‌ಎ256 ಹ್ಯಾಶ್, ಮತ್ತು ಬೈಟ್ ಲೆಕ್ಕದಲ್ಲಿ ಅದರ ಗಾತ್ರ. ಆ ಬೈಟ್‌ಗಳು ಯಾವ ಡಿಸ್ಕ್‌ನಲ್ಲಿವೆ, ಆಬ್ಜೆಕ್ಟ್ ಸ್ಟೋರೇಜಿನ ಯಾವ ಬಕೆಟ್‌ನಲ್ಲಿವೆ (ಫೈಲ್ ಇಡುವ ಡಬ್ಬ) ಎಂಬ ಸುಳಿವೇ ಪಾಯಿಂಟರ್‌ನಲ್ಲಿಲ್ಲ. ಹಾಗಾಗಿ ಉಗ್ರಾಣ ಬದಲಾದರೂ ಕಮಿಟ್‌ಗಳು ಒಂದಿಷ್ಟೂ ಅಲುಗಾಡುವುದಿಲ್ಲ. ಇದು ನಕಲು ಮಾಡುವ ಕೆಲಸ, ಇತಿಹಾಸ ತಿದ್ದುವ ಕೆಲಸವಲ್ಲ.

ಇನ್ನು ಇಬ್ಬರ ವಾದ. ನಿಮ್ಮ ವಿಷಯದಲ್ಲಿ ಫೋಲ್ಡರ್ ನಕಲು ಮಾಡಿ ಎಂದವರ ಮಾತೇ ಸರಿ, ಆದರೆ ಗಿಟೀ ಅದೇ ಆಗಿ ಉಳಿಯುವುದರಿಂದ ಮಾತ್ರ ಸರಿ. ಸರ್ವರ್ ಬದಿಯಲ್ಲಿ ಎರಡು ಪದರಗಳಿವೆ. ಕೆಳಗಿರುವುದು ಬೈಟ್‌ಗಳ ಉಗ್ರಾಣ. ಮೇಲಿರುವುದು ಡೇಟಾಬೇಸಿನ ಪಟ್ಟಿ: ಯಾವ ರೆಪೊಗೆ ಯಾವ ಒಐಡಿ ಸೇರಿದೆ ಎಂಬ ದಾಖಲೆ. ಗಿಟೀಯಲ್ಲಿ ಈ ಟೇಬಲ್‌ನ ಹೆಸರು ಎಲ್‌ಎಫ್‌ಎಸ್_ಮೆಟಾ_ಆಬ್ಜೆಕ್ಟ್. ಉಗ್ರಾಣ ಮಾತ್ರ ಬದಲಾದರೆ ಪಟ್ಟಿ ಹಾಗೇ ಇರುತ್ತದೆ, ಹೊಸ ಜಾಗದಲ್ಲಿ ಬೈಟ್‌ಗಳು ಸಿಕ್ಕಿದರೆ ಸಾಕು. ಬೇರೆಯದೇ ಸರ್ವರ್‌ಗೆ ಹೋಗುವವರು ಬರೀ ಫೋಲ್ಡರ್ ನಕಲು ಮಾಡಿದರೆ ಫೈಲ್ ಕಣ್ಣೆದುರೇ ಇದ್ದರೂ 404 (ಸಿಗಲಿಲ್ಲ ಎಂಬ ದೋಷ) ಬರುತ್ತದೆ. ಆ ಸರ್ವರಿನ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲವಲ್ಲ. ಕ್ಲೋನ್ ಮಾಡಿ ಪುಶ್ ಮಾಡುವ ದಾರಿ ಅವರಿಗೆ ಬೇಕಾದದ್ದು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಸಾಗಿಸುವ ಮೊದಲು ಈಗಿರುವುದು ನೆಟ್ಟಗಿದೆಯೇ ನೋಡಿಕೊಳ್ಳಿ. ಈ ಹಂತ ಬಿಟ್ಟರೆ, ವರ್ಷಗಳ ಹಿಂದೆಯೇ ಕಾಣೆಯಾಗಿದ್ದ ಫೈಲ್‌ಗೂ ನಿಮ್ಮ ವಲಸೆಯ ಮೇಲೆಯೇ ಅಪವಾದ ಬರುತ್ತದೆ. ಪ್ರತಿ ರೆಪೊವನ್ನೂ ‘ಗಿಟ್ ಕ್ಲೋನ್ --ಮಿರರ್’ (ಎಲ್ಲ ಬ್ರಾಂಚ್, ಟ್ಯಾಗ್ ಸೇರಿದ ನಕಲು) ಮಾಡಿ, ಅದರೊಳಗೆ ‘ಗಿಟ್ ಎಲ್‌ಎಫ್‌ಎಸ್ ಎಲ್‌ಎಸ್-ಫೈಲ್ಸ್ --ಆಲ್ --ಲಾಂಗ್’ ಓಡಿಸಿ. ‘--ಆಲ್’ ಇದ್ದರೆ ಇಡೀ ಇತಿಹಾಸ ಜಾಲಾಡುತ್ತದೆ, ‘--ಲಾಂಗ್’ ಇದ್ದರೆ ಹ್ಯಾಶ್‌ನ 64 ಅಕ್ಷರಗಳೂ ಬರುತ್ತವೆ. 26 ರೆಪೊಗಳ ಮೊದಲ ಕಾಲಮ್ ಒಟ್ಟು ಸೇರಿಸಿ, ‘ಸಾರ್ಟ್ -ಯು’ ಹಾಕಿ ಮರುಕಳಿಸಿದ್ದನ್ನು ತೆಗೆದರೆ ಬೇಕಾದ ಆಬ್ಜೆಕ್ಟ್‌ಗಳ ಪಟ್ಟಿ ಸಿದ್ಧ.

ಇದನ್ನು ಡಿಸ್ಕ್‌ನಲ್ಲಿರುವ ಹೆಸರುಗಳೊಂದಿಗೆ ತಾಳೆ ನೋಡುವಾಗ ಒಂದು ಸಣ್ಣ ಎಡವಟ್ಟು ಕಾದಿರುತ್ತದೆ. ಬಳಕೆದಾರರ ಕಂಪ್ಯೂಟರ್‌ನಲ್ಲಿ, ಅಂದರೆ .ಗಿಟ್ ಫೋಲ್ಡರಿನ ಎಲ್‌ಎಫ್‌ಎಸ್/ಆಬ್ಜೆಕ್ಟ್ಸ್ ಒಳಗೆ, ಮೇಲಿನ ಉದಾಹರಣೆಯ ಫೈಲ್ 4ಡಿ/7ಎ/4ಡಿ7ಎ214614… ಎಂಬ ದಾರಿಯಲ್ಲಿರುತ್ತದೆ. ಮೊದಲ ಎರಡು ಅಕ್ಷರ ಒಂದು ಫೋಲ್ಡರ್, ಮುಂದಿನ ಎರಡು ಇನ್ನೊಂದು, ಫೈಲಿನ ಹೆಸರು ಪೂರ್ತಿ 64 ಅಕ್ಷರ. ಗಿಟೀಯ ಉಗ್ರಾಣದಲ್ಲಿ ಅದೇ ಫೈಲ್ 4ಡಿ/7ಎ/214614… ಆಗಿರುತ್ತದೆ. ಮೊದಲ ನಾಲ್ಕು ಅಕ್ಷರ ಫೋಲ್ಡರ್ ಹೆಸರಿನಲ್ಲೇ ಮುಗಿದುಹೋಗಿ ಫೈಲಿನ ಹೆಸರಿಗೆ 60 ಮಾತ್ರ ಉಳಿಯುತ್ತದೆ. ಗಿಟ್‌ಲ್ಯಾಬ್‌ನ ಜೋಡಣೆಯೂ ಹೀಗೇ. ಆದ್ದರಿಂದ ಹೋಲಿಸುವ ಮೊದಲು ದಾರಿಯಲ್ಲಿರುವ ಓರೆಗೆರೆಗಳನ್ನು ತೆಗೆದು ಮೂರೂ ತುಂಡುಗಳನ್ನು ಒಂದಾಗಿಸಿ. ಆಮೇಲೆ ಎರಡೂ ಪಟ್ಟಿಗಳನ್ನು ಹೋಲಿಸುವ ‘ಕಾಮ್ -23’ ಕೊಟ್ಟರೆ ಇತಿಹಾಸಕ್ಕೆ ಬೇಕಿದ್ದೂ ಡಿಸ್ಕ್‌ನಲ್ಲಿಲ್ಲದವು ಹೊರಬೀಳುತ್ತವೆ. ಯಾರ ಫೈಲನ್ನಾದರೂ ಕಳೆದುಹೋಗಿದೆ ಎಂದು ಘೋಷಿಸುವ ಮೊದಲು ಈ 60–64ರ ಗೊಂದಲ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಡಿಸ್ಕ್‌ನಲ್ಲಿದ್ದು ಪಟ್ಟಿಯಲ್ಲಿಲ್ಲದವೂ ಒಂದಷ್ಟು ಸಿಗುತ್ತವೆ. ಅಳಿಸಿದ ಬ್ರಾಂಚ್‌ಗಳ ಪಳೆಯುಳಿಕೆ ಅವು. ಅವುಗಳ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ, ಈ ಕೆಲಸದ ಮಧ್ಯೆ ಕಸ ಗುಡಿಸಲು ಹೋಗುವುದೂ ಬೇಡ.

‘ಗಿಟ್ ಎಲ್‌ಎಫ್‌ಎಸ್ ಎಫ್‌ಎಸ್‌ಸಿಕೆ’ ಇದೆಯಲ್ಲ, ಅದನ್ನೇ ಓಡಿಸಬಾರದೇ ಎಂದು ಕೇಳಬಹುದು. ಏನೂ ಹೇಳದೆ ಓಡಿಸಿದರೆ ಅದು ಇಡೀ ಇತಿಹಾಸ ನೋಡುವುದಿಲ್ಲ, ಸದ್ಯದ ಹೆಡ್‌ಗೆ (ಈಗ ತೆರೆದಿರುವ ಕಮಿಟ್‌ಗೆ) ಸೇರಿದ್ದನ್ನು ಮಾತ್ರ ಪರೀಕ್ಷಿಸುತ್ತದೆ. ‘ಎಲ್ಲ ಸರಿಯಿದೆ’ ಎಂಬ ಅದರ ಮಾತನ್ನು ಹಳೆಯ ಟ್ಯಾಗ್‌ಗಳಿಗೂ ಅನ್ವಯಿಸಿಕೊಂಡರೆ ಕೈಕೊಡುತ್ತದೆ.

ಕಾಣೆಯಾದವು ಸಿಕ್ಕಿದರೆ ಏನು ಮಾಡುವುದು? ಎಲ್‌ಎಫ್‌ಎಸ್ ಹುಕ್‌ಗಳಿಲ್ಲದ (ಪುಶ್ ಮಾಡುವಾಗ ಫೈಲ್‌ಗಳನ್ನೂ ಕಳಿಸುವ ಸ್ಕ್ರಿಪ್ಟ್‌ಗಳಿಲ್ಲದ) ಕಂಪ್ಯೂಟರಿನಿಂದ ಅಥವಾ ‘--ನೋ-ವೆರಿಫೈ’ ಹಾಕಿ ಯಾರೋ ಪುಶ್ ಮಾಡಿರುವುದೇ ಸಾಮಾನ್ಯವಾಗಿ ಇದಕ್ಕೆ ಕಾರಣ. ಪಾಯಿಂಟರ್ ಹೋಗಿದೆ, ಫೈಲ್ ಹೋಗಿಲ್ಲ. ಆ ಕಮಿಟ್ ಮಾಡಿದವರ ಕಂಪ್ಯೂಟರ್‌ನಲ್ಲಿ ಆಬ್ಜೆಕ್ಟ್ ಇನ್ನೂ ಇರುವ ಸಾಧ್ಯತೆ ಚೆನ್ನಾಗಿದೆ. ಅಲ್ಲಿಂದ ‘ಗಿಟ್ ಎಲ್‌ಎಫ್‌ಎಸ್ ಪುಶ್ --ಆಲ್ ಒರಿಜಿನ್’ ಮಾಡಿಸಿ. ಮೂಲ ಫೈಲ್ ಬೇರೆಲ್ಲೋ ಇದ್ದರೆ ಅದನ್ನು ‘ಗಿಟ್ ಎಲ್‌ಎಫ್‌ಎಸ್ ಕ್ಲೀನ್’ಗೆ ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ ಕೊಡಿ. ಅದು ಪಾಯಿಂಟರ್ ಮುದ್ರಿಸಿ, ಆಬ್ಜೆಕ್ಟನ್ನು ಸ್ಥಳೀಯ ಉಗ್ರಾಣದಲ್ಲಿ ಇಡುತ್ತದೆ. ಮುದ್ರಿಸಿದ ಹ್ಯಾಶ್ ನಿಮಗೆ ಬೇಕಾದದ್ದೇ ಆಗಿದ್ದರೆ ಕೆಲಸ ಆಯಿತು. ಸಾಲಿನ ಕೊನೆಯ ಗುರುತು ವಿಂಡೋಸ್‌ನದ್ದೋ ಯುನಿಕ್ಸ್‌ನದ್ದೋ ಎಂಬಷ್ಟು ವ್ಯತ್ಯಾಸವಿದ್ದರೂ ಹ್ಯಾಶ್ ಬೇರೆಯಾಗುತ್ತದೆ, ಅದನ್ನು ನೆನಪಿಡಿ. ಇದೇ ಕಾರಣಕ್ಕೆ, ವಲಸೆ ಮುಗಿದು ತಾಳೆಯಾಗುವವರೆಗೆ ಯಾರೂ ‘ಗಿಟ್ ಎಲ್‌ಎಫ್‌ಎಸ್ ಪ್ರೂನ್’ (ಸ್ಥಳೀಯ ಹಳೆಯ ಪ್ರತಿಗಳನ್ನು ಅಳಿಸುವ ಕಮಾಂಡ್) ಓಡಿಸಬಾರದೆಂದು ತಂಡಕ್ಕೆ ತಿಳಿಸಿ. ಅವರವರ ಕಂಪ್ಯೂಟರ್‌ಗಳಲ್ಲಿರುವ ಹಳೆಯ ಪ್ರತಿಗಳೇ ನಿಮ್ಮ ಕಟ್ಟಕಡೆಯ ಬ್ಯಾಕಪ್. ಗಿಟೀಯಲ್ಲಿ ಎಲ್‌ಎಫ್‌ಎಸ್ ಕಸ ತೆಗೆಯುವ, ನಿಗದಿತ ಹೊತ್ತಿಗೆ ತಾನೇ ಓಡುವ ಕ್ರಾನ್ ಕೆಲಸವನ್ನು ನೀವು ಚಾಲೂ ಮಾಡಿಟ್ಟಿದ್ದರೆ ಅದನ್ನೂ ನಿಲ್ಲಿಸಿ.

ನಕಲಿಗೆ ಗಿಟೀಯದೇ ‘ಮೈಗ್ರೇಟ್-ಸ್ಟೋರೇಜ್’ ಕಮಾಂಡ್ ಇದೆ. ‘-ಟಿ ಎಲ್‌ಎಫ್‌ಎಸ್ -ಎಸ್ ಮಿನಿಯೊ’ ಎಂದು ಕೊಟ್ಟು, ಎಂಡ್‌ಪಾಯಿಂಟ್ (ಸ್ಟೋರೇಜಿನ ವಿಳಾಸ), ಬಕೆಟ್, ಕೀಲಿಗಳನ್ನು ಸೇರಿಸಬೇಕು. ಇಲ್ಲಿ ಮಿನಿಯೊ ಎಂದರೆ ಎಸ್3 ಭಾಷೆ ಮಾತಾಡುವ ಯಾವ ಸ್ಟೋರೇಜ್ ಆದರೂ ಸರಿ. ಚಿಕ್ಕ ಸರ್ವರ್‌ಗೆ ಅದು ಸಾಕು. 380 ಜಿಬಿಗೆ ನಾನು ಆರ್‌ಕ್ಲೋನ್ (ಸ್ಟೋರೇಜ್‌ಗಳ ನಡುವೆ ಫೈಲ್ ನಕಲು ಮಾಡುವ ಸಾಧನ) ಹಿಡಿಯಿರಿ ಎನ್ನುತ್ತೇನೆ. ಎಷ್ಟು ಸಲ ಬೇಕಾದರೂ ಓಡಿಸಬಹುದು, ಎಷ್ಟು ಸಮಾಂತರ ಎಳೆಗಳು ಬೇಕೆಂದು ನೀವೇ ಹೇಳಬಹುದು, ನಡುವೆ ನಿಂತರೆ ಉಳಿದದ್ದನ್ನಷ್ಟೇ ಮುಂದುವರಿಸುತ್ತದೆ. ‘ಆರ್‌ಕ್ಲೋನ್ ಕಾಪಿ’ ಮಾತ್ರ ಬಳಸಿ. ‘ಸಿಂಕ್’ ಬಳಸಿದಿರೋ, ಮೂಲದಲ್ಲಿಲ್ಲದ್ದನ್ನು ಅದು ಗುರಿಯಲ್ಲೂ ಅಳಿಸುತ್ತದೆ. ಬದಲಾಯಿಸಿದ ಮೇಲೆ ಬಕೆಟ್‌ಗೆ ಹೊಸ ಫೈಲ್‌ಗಳು ಬರಲು ಶುರುವಾಗಿರುತ್ತವೆ. ಆಗ ಯಾರಾದರೂ ಹಳೆಯ ಸಿಂಕ್ ಸ್ಕ್ರಿಪ್ಟನ್ನು ಇನ್ನೊಮ್ಮೆ ಓಡಿಸಿದರೆ ಆ ಹೊಸವೆಲ್ಲ ಮಾಯ.

ಸಮಯ ಎಷ್ಟು? ಒಂದು ಗಿಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ 110 ಎಂಬಿ ಸಿಕ್ಕರೆ 380 ಜಿಬಿಗೆ ಒಂದು ಗಂಟೆಗೆ ಸ್ವಲ್ಪ ಕಡಿಮೆ. 100 ಮೆಗಾಬಿಟ್ ಆದರೆ ಒಂಬತ್ತೂವರೆ ಗಂಟೆ. ಆದರೆ ಲೆಕ್ಕ ಇಷ್ಟಕ್ಕೇ ಮುಗಿಯುವುದಿಲ್ಲ. 41,000 ಆಬ್ಜೆಕ್ಟ್‌ಗಳಲ್ಲಿ ಪ್ರತಿಯೊಂದಕ್ಕೂ ಸ್ಟೋರೇಜ್ ಉತ್ತರಿಸಲು ಸೆಕೆಂಡಿನ ಹತ್ತನೇ ಒಂದು ಭಾಗ ತೆಗೆದುಕೊಂಡರೂ, ಒಂದರ ಹಿಂದೊಂದು ಕಳಿಸಿದರೆ ಬರೀ ಕಾಯುವುದಕ್ಕೇ ಅರವತ್ತೆಂಟು ನಿಮಿಷ. ಆರ್‌ಕ್ಲೋನ್ ತಾನಾಗಿ ನಾಲ್ಕು ಫೈಲ್‌ಗಳನ್ನು ಒಟ್ಟಿಗೆ ಕಳಿಸುತ್ತದೆ. ‘--ಟ್ರಾನ್ಸ್‌ಫರ್ಸ್ 16’ ಕೊಟ್ಟರೆ ಆ ಕಾಯುವಿಕೆ ನಾಲ್ಕೈದು ನಿಮಿಷಕ್ಕೆ ಇಳಿಯುತ್ತದೆ.

ಸರ್ವರ್ ನಡೆಯುತ್ತಿರುವಾಗಲೇ ಮೊದಲ ಸುತ್ತು ಮಾಡಿ. ಇದು ಅಪಾಯವಲ್ಲ, ಏಕೆಂದರೆ ಎಲ್‌ಎಫ್‌ಎಸ್ ಆಬ್ಜೆಕ್ಟ್ ಒಮ್ಮೆ ಬರೆದ ಮೇಲೆ ಬದಲಾಗುವುದಿಲ್ಲ. ಒಳಗಿನದು ಬದಲಾದರೆ ಹ್ಯಾಶ್ ಬದಲಾಗಿ ಅದು ಬೇರೆ ಆಬ್ಜೆಕ್ಟ್ ಆಗುತ್ತದೆ. ಹೊಸವು ಸೇರಬಹುದು, ಹಳೆಯವು ತಿದ್ದುಪಡಿಯಾಗಲಾರವು. ನಂತರ ಜನ ಕಡಿಮೆಯಿರುವ ಹೊತ್ತು ನೋಡಿ ಗಿಟೀ ನಿಲ್ಲಿಸಿ, ಎರಡನೇ ಸುತ್ತು ಓಡಿಸಿ. ನಡುವೆ ಸೇರಿದ್ದಷ್ಟೇ ಹೋಗುವುದರಿಂದ ಇದು ನಿಮಿಷಗಳ ಕೆಲಸ. ಬಳಿಕ ಆ್ಯಪ್.ಐಎನ್‌ಐ ಫೈಲಿನ ಎಲ್‌ಎಫ್‌ಎಸ್ ವಿಭಾಗದಲ್ಲಿ ಸ್ಟೋರೇಜ್_ಟೈಪ್ ಅನ್ನು ಮಿನಿಯೊ ಮಾಡಿ, ಬಕೆಟ್ ವಿವರ ತುಂಬಿ, ಗಿಟೀ ಶುರುಮಾಡಿ. ಮಿನಿಯೊ_ಬೇಸ್_ಪಾತ್ ಕಡೆ ಗಮನವಿರಲಿ. ನೀವೇನೂ ಬರೆಯದಿದ್ದರೆ ಗಿಟೀ ಬಕೆಟ್‌ನ ‘ಎಲ್‌ಎಫ್‌ಎಸ್/’ ಎಂಬ ಫೋಲ್ಡರಿನಂಥ ದಾರಿಯ ಕೆಳಗೆ ಹುಡುಕುತ್ತದೆ. ನೀವು ಬಕೆಟ್‌ನ ಮೇಲ್ಮಟ್ಟದಲ್ಲೇ ಸುರಿದಿದ್ದರೆ 41,000 ಫೈಲ್‌ಗಳಲ್ಲಿ ಒಂದೂ ಸಿಗದು. ಗಾಬರಿಯಾಗುವಂತೆ ಕಾಣುತ್ತದೆ, ಸರಿಪಡಿಸಲು ಒಂದು ಸಾಲು ಸಾಕು.

ಈಗ ನಕಲು ಸರಿಯಾಗಿದೆಯೇ ಎಂಬ ಪರೀಕ್ಷೆ. ಬಹುಪಾಲು ಜನ ಅರೆಮನಸ್ಸಿನಿಂದ ಮುಗಿಸುವುದು ಇದನ್ನೇ. ಎಣಿಕೆ ತಾಳೆಯಾಯಿತೆಂದು ಬಿಡಬೇಡಿ. ಯಾರೋ ಮೊದಲೊಮ್ಮೆ ಸಾದಾ ‘ಸಿಪಿ’ಯಿಂದ ಬೇರೆ ಡಿಸ್ಕ್‌ಗೆ ನಕಲು ಶುರುಮಾಡಿ, ಅದು ನಡುವೆ ನಿಂತು, ಆ ಡಿಸ್ಕನ್ನೇ ನೀವು ಮೂಲವಾಗಿ ಬಳಸುತ್ತಿದ್ದೀರಿ ಎಂದುಕೊಳ್ಳಿ. ಕೊನೆಯ ಫೈಲ್ ಅರ್ಧಕ್ಕೇ ತುಂಡಾಗಿರುತ್ತದೆ, ಹೆಸರು ಮಾತ್ರ ಪೂರ್ತಿ. ಆಮೇಲೆ ‘--ಇಗ್ನೋರ್-ಎಕ್ಸಿಸ್ಟಿಂಗ್’ ಹಾಕಿ ಎಷ್ಟು ಸಲ ಓಡಿಸಿದರೂ ಅದು ‘ಇದೆಯಲ್ಲ’ ಎಂದು ಮುಂದೆ ಹೋಗುತ್ತದೆ. ಹೆಸರು, ಎಣಿಕೆ ಎರಡೂ ಸರಿ, ಬೈಟ್‌ಗಳು ಇಲ್ಲ. ಮೊದಲಿಗೆ ‘ಆರ್‌ಕ್ಲೋನ್ ಚೆಕ್ --ಸೈಜ್-ಓನ್ಲಿ’ ಓಡಿಸಿ, ಕ್ಷಣದಲ್ಲಿ ಮುಗಿಯುವ ಈ ಪರೀಕ್ಷೆ ಮೂಲಕ್ಕೂ ಬಕೆಟ್‌ಗೂ ಗಾತ್ರದ ವ್ಯತ್ಯಾಸವಿದ್ದರೆ ಹಿಡಿಯುತ್ತದೆ. ಮೂಲವೇ ತುಂಡಾಗಿದ್ದರೆ ಅದಕ್ಕೆ ಗೊತ್ತಾಗದು. ಅದಕ್ಕೆ ನಿಜವಾದ ಪರೀಕ್ಷೆ ಒಂದೇ: ‘ಆರ್‌ಕ್ಲೋನ್ ಹ್ಯಾಶ್‌ಸಮ್ ಎಸ್‌ಎಚ್‌ಎ256 --ಡೌನ್‌ಲೋಡ್’. ಬಕೆಟ್‌ನಿಂದ ಪ್ರತಿ ಬೈಟನ್ನೂ ಓದಿ ಹ್ಯಾಶ್ ತೆಗೆಯುತ್ತದೆ. ಹೊರಬಂದ ಹ್ಯಾಶ್ ಆ ಫೈಲಿನ ದಾರಿಯನ್ನು ಜೋಡಿಸಿದಾಗ ಬರುವ 64 ಅಕ್ಷರಕ್ಕೆ ಸಮನಾಗಬೇಕು. ಪ್ರತಿ ಫೈಲಿನ ಹೆಸರೇ ಅದರ ಚೆಕ್‌ಸಮ್ ಆಗಿರುವ ಸೌಲಭ್ಯ ಬೇರೆ ಎಷ್ಟು ವಲಸೆಗಳಲ್ಲಿ ಸಿಗುತ್ತದೆ? 380 ಜಿಬಿ ವಾಪಸ್ ಓದುವುದಕ್ಕೆ ಸ್ಟೋರೇಜ್‌ನವರು ಶುಲ್ಕ ಹಾಕುವುದಿದ್ದರೆ ಅದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ, ಆದರೆ ಪರೀಕ್ಷೆ ಬಿಡಬೇಡಿ.

ಇದರ ಬದಲು ಬಕೆಟ್ ತೋರಿಸುವ ಇಟ್ಯಾಗ್ (ಪ್ರತಿ ಫೈಲಿಗೆ ಸ್ಟೋರೇಜ್ ಕೊಡುವ ಗುರುತು) ಹೋಲಿಸೋಣ ಎಂದರೆ ಆಗದು. ಒಂದೇ ಏಟಿಗೆ ಕಳಿಸಿದ ಚಿಕ್ಕ ಫೈಲ್‌ಗೆ ಅದು ಸಾಮಾನ್ಯವಾಗಿ ಎಂಡಿ5, ಅಂದರೆ ಬೇರೆ ಬಗೆಯ ಹ್ಯಾಶ್. ತುಂಡು ತುಂಡಾಗಿ ಕಳಿಸಿದ ದೊಡ್ಡ ಫೈಲ್‌ಗೆ ಎಂಡಿ5 ಕೂಡ ಅಲ್ಲ, ಕೊನೆಗೊಂದು ಅಡ್ಡಗೆರೆ, ಅದರ ಮುಂದೆ ತುಂಡುಗಳ ಸಂಖ್ಯೆ ಇರುತ್ತದೆ. ಆರ್‌ಕ್ಲೋನ್ ಎಸ್3ಗೆ 200 ಎಂಐಬಿ ದಾಟಿದ ಫೈಲ್‌ಗಳನ್ನು ತಾನಾಗಿ ತುಂಡು ಮಾಡಿಯೇ ಕಳಿಸುತ್ತದೆ.

ಬದಲಾಯಿಸಿದ ಮೇಲೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ನೆಟ್‌ವರ್ಕ್‌ನವು. ಎಲ್‌ಎಫ್‌ಎಸ್ ಕ್ಲೈಂಟ್ ಫೈಲ್ ಬೇಡುವ ಮುನ್ನ ಸರ್ವರಿನ ‘ಆಬ್ಜೆಕ್ಟ್ಸ್/ಬ್ಯಾಚ್’ ವಿಳಾಸಕ್ಕೆ ಒಐಡಿಗಳ ಪಟ್ಟಿ ಕಳಿಸುತ್ತದೆ. ಸರ್ವರ್ ಪ್ರತಿಯೊಂದಕ್ಕೂ ‘ಇಲ್ಲಿಂದ ತೆಗೆದುಕೋ’ ಎಂದು ಒಂದು ಕೊಂಡಿ ಕೊಡುತ್ತದೆ. ಗಿಟೀಯಲ್ಲಿ ಸರ್ವ್_ಡೈರೆಕ್ಟ್ ಆಫ್ ಇದ್ದರೆ (ಮೊದಲಿಗೆ ಆಫ್ ಇರುತ್ತದೆ) ಬೈಟ್‌ಗಳು ಗಿಟೀ ಮೂಲಕವೇ ಹರಿಯುತ್ತವೆ. ಆನ್ ಮಾಡಿದರೆ ಡೌನ್‌ಲೋಡ್‌ಗೆ ಸಹಿ ಹಾಕಿದ ನೇರ ಬಕೆಟ್ ಕೊಂಡಿ ಸಿಗುತ್ತದೆ. ಗಿಟೀ ಮೇಲಿನ ಹೊರೆ ಇಳಿಯುವುದೇನೋ ನಿಜ, ಆದರೆ ಆಗ ಪ್ರತಿಯೊಬ್ಬ ಬಳಕೆದಾರರ ಕಂಪ್ಯೂಟರೂ, ಪ್ರತಿಯೊಂದು ಬಿಲ್ಡ್ ಯಂತ್ರವೂ ಬಕೆಟ್‌ನ ವಿಳಾಸವನ್ನು ತಲುಪುವಂತಿರಬೇಕು. ಎಂಡ್‌ಪಾಯಿಂಟ್‌ಗೆ ಸರ್ವರ್ ಒಳಗಿನಿಂದ ಮಾತ್ರ ಕಾಣುವ ಹೆಸರು ಬರೆದಿದ್ದರೆ ಗಿಟೀ ವೆಬ್ ಪುಟ ಸೊಗಸಾಗಿ ತೆರೆಯುತ್ತದೆ, ‘ಗಿಟ್ ಪುಲ್’ ಮಾತ್ರ ಹೆಸರು ಸಿಗಲಿಲ್ಲ ಎಂದು ಬೀಳುತ್ತದೆ. ಮೊದಲ ವಾರ ಆಫ್‌ನಲ್ಲೇ ಇಡಿ. ಗಡಿಯಾರವನ್ನೂ ಒಮ್ಮೆ ನೋಡಿಬಿಡಿ: ಅಮೆಜಾನ್ ಎಸ್3 ತನ್ನ ಸಮಯಕ್ಕೂ ಕೋರಿಕೆಯ ಸಮಯಕ್ಕೂ 15 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಸಹಿಯನ್ನು ತಿರಸ್ಕರಿಸುತ್ತದೆ.

ಗಿಟೀ ಮುಂದೆ ಎಂಜಿನ್‌ಎಕ್ಸ್ (ಕೋರಿಕೆಗಳನ್ನು ಗಿಟೀಗೆ ದಾಟಿಸುವ ವೆಬ್ ಸರ್ವರ್) ಇದ್ದು, ದೊಡ್ಡ ಫೈಲ್ ಪುಶ್ ಮಾಡುವಾಗ 413 (ತೀರ ದೊಡ್ಡದು ಎಂಬ ದೋಷ) ಬಂದರೆ ಸ್ಟೋರೇಜನ್ನು ದೂರಬೇಡಿ. ಎಂಜಿನ್‌ಎಕ್ಸ್‌ನ ಕ್ಲೈಂಟ್_ಮ್ಯಾಕ್ಸ್_ಬಾಡಿ_ಸೈಜ್ ಏನೂ ಬರೆಯದಿದ್ದರೆ 1 ಎಂಬಿ. ಅದನ್ನು 0 ಮಾಡಿದರೆ ಮಿತಿ ಹೋಗುತ್ತದೆ. ಅಪ್‌ಲೋಡ್ ಕೂಡ ನೇರ ಬಕೆಟ್‌ಗೇ ಹೋಗುವ ಬೇರೆ ಎಲ್‌ಎಫ್‌ಎಸ್ ಸರ್ವರ್ ಬಳಸುವವರಿಗೆ ಇನ್ನೊಂದು ಗೋಡೆ ಇದೆ: ಎಸ್3ಗೆ ಒಂದೇ ಪುಟ್ ಕೋರಿಕೆಯಲ್ಲಿ 5 ಜಿಬಿಗಿಂತ ದೊಡ್ಡದು ಹೋಗುವುದಿಲ್ಲ, ಎಲ್‌ಎಫ್‌ಎಸ್‌ನ ಸಾಮಾನ್ಯ ವರ್ಗಾವಣೆಯಾದರೋ ಒಂದೇ ಪುಟ್‌ನಲ್ಲಿ ಕಳಿಸುತ್ತದೆ.

ಎಲ್ಲ ಮುಗಿದ ಮೇಲೆ ಹೊಸ ಫೋಲ್ಡರ್‌ನಲ್ಲಿ ಒಂದು ತಾಜಾ ಕ್ಲೋನ್ ಮಾಡಿ, ‘ಗಿಟ್ ಎಲ್‌ಎಫ್‌ಎಸ್ ಫೆಚ್ --ಆಲ್’ ಓಡಿಸಿ. ನಿಮ್ಮ ಹಳೆಯ ಕ್ಲೋನ್‌ನಲ್ಲಿ ಪರೀಕ್ಷಿಸಿ ಪ್ರಯೋಜನವಿಲ್ಲ, ಅದರಲ್ಲಿ ಆಬ್ಜೆಕ್ಟ್‌ಗಳು ಆಗಲೇ ಇರುವುದರಿಂದ ಸರ್ವರನ್ನು ಕೇಳುವುದೇ ಇಲ್ಲ.

ಇನ್ನು ಸರ್ವರನ್ನೇ ಬದಲಾಯಿಸುವವರಿಗೆ, ನಿಮ್ಮ ತಂಡದಲ್ಲಿ ಕ್ಲೋನ್–ಪುಶ್ ಎಂದವರಿಗೆ ಹೊಳೆದ ದಾರಿ. ಮಿರರ್ ಕ್ಲೋನ್, ‘ಗಿಟ್ ಎಲ್‌ಎಫ್‌ಎಸ್ ಫೆಚ್ --ಆಲ್’, ಹೊಸ ಸರ್ವರಿನ ರಿಮೋಟ್ ಸೇರಿಸಿ ‘ಗಿಟ್ ಎಲ್‌ಎಫ್‌ಎಸ್ ಪುಶ್ --ಆಲ್’, ಕೊನೆಗೆ ‘ಗಿಟ್ ಪುಶ್ --ಮಿರರ್’. ಎಲ್‌ಎಫ್‌ಎಸ್ ಮೊದಲು, ಗಿಟ್ ಆಮೇಲೆ. ಗಿಟ್‌ಲ್ಯಾಬ್‌ನಂಥ ಸರ್ವರ್ ಆಬ್ಜೆಕ್ಟ್‌ಗಳಿಲ್ಲದ ಪಾಯಿಂಟರ್ ಬಂದರೆ ಪುಶ್ ಅನ್ನೇ ನಿರಾಕರಿಸುತ್ತದೆ. ಈ ದಾರಿಯಲ್ಲಿ ರೆಫ್‌ಗಳಿಂದ (ಬ್ರಾಂಚ್, ಟ್ಯಾಗ್‌ಗಳಂಥ ಹೆಸರುಗಳಿಂದ) ತಲುಪಬಹುದಾದದ್ದು ಮಾತ್ರ ಹೋಗುತ್ತದೆ, ಫೈಲ್ ಲಾಕ್‌ಗಳು ಹೋಗುವುದೇ ಇಲ್ಲ. ಹಾಗಾಗಿ ‘ಗಿಟ್ ಎಲ್‌ಎಫ್‌ಎಸ್ ಲಾಕ್ಸ್’ ಪಟ್ಟಿಯನ್ನು ಮೊದಲೇ ತೆಗೆದಿಟ್ಟುಕೊಳ್ಳಿ.

ಇಲ್ಲಿರುವ ದೊಡ್ಡ ಬಲೆ ರೆಪೊದ ಮೇಲ್ಮಟ್ಟದಲ್ಲಿರುವ .ಎಲ್‌ಎಫ್‌ಎಸ್‌ಕಾನ್ಫಿಗ್ ಫೈಲ್. ಅದರಲ್ಲಿ ಎಲ್‌ಎಫ್‌ಎಸ್.ಯುಆರ್‌ಎಲ್ ಬರೆದಿದ್ದರೆ, ನೀವು ಯಾವ ರಿಮೋಟ್ ಹೆಸರು ಕೊಟ್ಟರೂ ಆಬ್ಜೆಕ್ಟ್‌ಗಳು ಆ ಬರೆದ ವಿಳಾಸಕ್ಕೇ ಹೋಗುತ್ತವೆ, ಅಂದರೆ ಹಳೆಯ ಸರ್ವರ್‌ಗೆ. ಅದರಲ್ಲಿ ಅವೆಲ್ಲ ಇರುವುದರಿಂದ ‘ಇದೆ, ಬೇಡ’ ಎನ್ನುತ್ತದೆ. ಪರದೆಯ ಮೇಲೆ 100% ಎಂದು ಬಂದು ಕ್ಷಣದಲ್ಲಿ ಮುಗಿಯುತ್ತದೆ. ಆ ಸಾಲಿನ ಕೊನೆ ನೋಡಿ: ‘0 ಬಿ | 0 ಬಿ/ಎಸ್’. ಒಂದು ಬೈಟೂ ಹೋಗಿಲ್ಲ. ಪುಶ್‌ಗೆ ಮೊದಲೇ ‘ಗಿಟ್ ಎಲ್‌ಎಫ್‌ಎಸ್ ಎನ್ವ್’ ಓಡಿಸಿ ಎಂಡ್‌ಪಾಯಿಂಟ್ ಸಾಲು ಓದಿ. ತಪ್ಪಿದ್ದರೆ ‘ಗಿಟ್ ಕಾನ್ಫಿಗ್ ಎಲ್‌ಎಫ್‌ಎಸ್.ಯುಆರ್‌ಎಲ್’ ಎಂದು ಹೊಸ ವಿಳಾಸ ಕೊಡಿ, ಸ್ಥಳೀಯ ಕಾನ್ಫಿಗ್ ಆ ಫೈಲನ್ನು ಮೀರುತ್ತದೆ. ಮುಖ್ಯ ಬ್ರಾಂಚ್‌ನಲ್ಲಿ .ಎಲ್‌ಎಫ್‌ಎಸ್‌ಕಾನ್ಫಿಗ್ ತಿದ್ದಿ ಕಮಿಟ್ ಮಾಡಿದರೂ ಹಳೆಯ ಟ್ಯಾಗ್ ಚೆಕ್‌ಔಟ್ ಮಾಡಿದವರಿಗೆ ಆ ಕಾಲದ ಫೈಲೇ ಸಿಗುವುದರಿಂದ, ಹಳೆಯ ಹೆಸರಿನಿಂದ ಹೊಸದಕ್ಕೆ ರೀಡೈರೆಕ್ಟ್ ಇಡುವುದು ಅಥವಾ ಅವರ ಕಂಪ್ಯೂಟರ್‌ನಲ್ಲೂ ಆ ಸ್ಥಳೀಯ ಸಾಲು ಹಾಕಿಸುವುದು ಒಳ್ಳೆಯದು.

ನಿಮ್ಮ ಹಳೆಯ ಎಲ್‌ಎಫ್‌ಎಸ್ ಫೋಲ್ಡರನ್ನು ಹೆಸರು ಬದಲಿಸಿ ಒಂದು ತಿಂಗಳು ಹಾಗೇ ಬಿಡಿ. ಹೆಸರು ಬದಲಿಸುವುದು ಏಕೆಂದರೆ, ಯಾವುದಾದರೂ ಇನ್ನೂ ಹಳೆಯ ದಾರಿಯಿಂದಲೇ ಓದುತ್ತಿದ್ದರೆ ಅದು ಈಗಲೇ ಬಿದ್ದು ಗೊತ್ತಾಗಲಿ, ಅಳಿಸಿದ ಮೇಲಲ್ಲ. ಹಾಗೆ ಓದುವುದು ಬಹುತೇಕ ಬ್ಯಾಕಪ್ ಸ್ಕ್ರಿಪ್ಟ್. ಹೆಸರು ಬದಲಿಸದಿದ್ದರೆ, ಡಿಸ್ಕಿನ ಫೋಲ್ಡರನ್ನಷ್ಟೇ ನಕಲು ಮಾಡುವ ಸ್ಕ್ರಿಪ್ಟ್ ಹೊಸ ಫೈಲ್‌ಗಳಿಲ್ಲದ ಹಳೆಯ ಫೋಲ್ಡರನ್ನೇ ಬ್ಯಾಕಪ್ ಮಾಡುತ್ತ ‘ಯಶಸ್ವಿ’ ಎಂದು ವರದಿ ಕಳಿಸುತ್ತಿರುತ್ತದೆ. ‘ಗಿಟೀ ಡಂಪ್’ ಬಳಸುವವರಾದರೆ ತೊಂದರೆ ಇದರ ಉಲ್ಟಾ: ಅದು ಎಲ್‌ಎಫ್‌ಎಸ್ ದತ್ತಾಂಶವನ್ನೂ ಸೇರಿಸಿಕೊಳ್ಳುವುದರಿಂದ ಪ್ರತಿ ಸಲ 380 ಜಿಬಿಯನ್ನು ಬಕೆಟ್‌ನಿಂದ ಎಳೆದು, ಯಾವ ಡಿಸ್ಕ್ ತುಂಬಿತೆಂದು ನೀವು ವಲಸೆ ಹೊರಟಿರೋ ಅದರ ಮೇಲೇ ಜಿಪ್ ಕಟ್ಟಲು ಕೂರುತ್ತದೆ. ಅದಕ್ಕೆ ‘--ಸ್ಕಿಪ್-ಎಲ್‌ಎಫ್‌ಎಸ್-ಡೇಟಾ’ ಸೇರಿಸಿ, ಬಕೆಟ್‌ನ ಇನ್ನೊಂದು ಪ್ರತಿಯನ್ನು ಬೇರೆ ಖಾತೆಯ ಬಕೆಟ್‌ಗೆ ‘ಆರ್‌ಕ್ಲೋನ್ ಕಾಪಿ’ಯಿಂದ ಇಟ್ಟುಕೊಳ್ಳಿ.